ಪರದೆ ಸರಿಸಿದರೆ ಗೋಡೆ

ಕೊಪ್ಪದ ಕಡೆ ಹೈಸ್ಕೂಲು ಟೀಚರಾಗಿದ್ದು ರಿಟೈರ್ ಆದ ನನ್ನ ಅಮ್ಮನಿಗೆ ವಿದೇಶ ಅಂದ್ರೆ ಸಮಾಜ ವಿಜ್ಞಾನದ ಪುಸ್ತಕದ ಮ್ಯಾಪು. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ತೋರಿಸಿ ಪಾಠ ಮಾಡಿದವಳು. ಅಂಥವಳ ಪಾಸ್‌ಪೋರ್ಟಿನ ಮೇಲೆ ಒಂದಾದರೂ ಸೀಲು ಬೀಳಲಿ ಅಂತ ಹೋದ ವರ್ಷ ನಾನು ಹಟ ಹಿಡಿದು ಹನೋಯ್‌ಗೆ ಟಿಕೆಟ್ ಮಾಡಿಸಿದೆ. ವಿಯೆಟ್ನಾಮ್ ಈಗ ನಮ್ಮ ಆಫೀಸಿನ ಅರ್ಧ ಜನ ಹೋಗಿಬಂದ ಜಾಗ. ಇ-ವೀಸಾಗೆ 25 ಡಾಲರ್, ಒಂದು ರೂಪಾಯಿಗೆ ಸುಮಾರು 300 ಡಾಂಗ್. ಅಮ್ಮನ ಮಂಡಿ ನೋವಿಗೆ ಹೊಂದೋ ಹಾಗೆ ಹಳೇ ಪೇಟೆಯ ನಡುವೆ, ಸರೋವರದ ಹತ್ತಿರ, ಲಿಫ್ಟ್ ಇರೋ ಹೋಟೆಲ್ ಹುಡುಕಿ, ನಾಲ್ಕು ರಾತ್ರಿಗೆ ಬುಕ್ ಮಾಡಿದ್ದೆ. ಹೋಟೆಲಿನವರಿಗೆ ಆ್ಯಪಿನಲ್ಲೇ ಮೆಸೇಜ್ ಹಾಕಿ ಕೇಳಿದ್ದೆ: ಲಿಫ್ಟ್ ಇದೆಯಾ, ಅಮ್ಮ ಮೆಟ್ಟಿಲು ಹತ್ತೋದಿಲ್ಲ. "ಇದೆ ಮೇಡಂ, ಎರಡನೇ ಮಹಡಿಯಲ್ಲಿ ಕಿಟಕಿ ಇರೋ ರೂಮು ಇಟ್ಟಿದ್ದೀವಿ" ಅಂತ ಉತ್ತರ ಬಂದಿತ್ತು. ಆ ಮೆಸೇಜನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾವು ಮುಟ್ಟಿದಾಗ ಬುಧವಾರ ರಾತ್ರಿ ಹನ್ನೊಂದು ದಾಟಿತ್ತು. ರಿಸೆಪ್ಷನ್ನಿನ ಹುಡುಗಿ ಬಹಳ ನಯವಾಗಿ, ನಿಮ್ಮ ರೂಮಲ್ಲಿ ನೀರು ಸೋರ್ತಾ ಇದೆ, ಎರಡು ಬೀದಿ ಆಚೆ ನಮ್ಮದೇ ಇನ್ನೊಂದು ಹೋಟೆಲ್ ಇದೆ, ಅದೂ ಇದರ ಹಾಗೇ ಇದೆ, ಅಲ್ಲಿಗೆ ಕಳಿಸ್ತೀನಿ ಅಂದಳು. ಹನೋಯ್‌ಗೆ ಹೋಗಿಬಂದವರು ಇಲ್ಲಿಗೇ ನಗೋಕೆ ಶುರು ಮಾಡಿರ್ತಾರೆ. ಒಂದು ಹೋಟೆಲ್ ತೋರಿಸಿ ಇನ್ನೊಂದಕ್ಕೆ ಸಾಗಿಸೋದು ಅಲ್ಲಿನ ಹಳೇ ಆಟ ಅಂತ ನಾನೂ ಓದಿದ್ದೆ. ಓದೋದು ಬೇರೆ, ರಾತ್ರಿ ಹನ್ನೊಂದೂವರೆಗೆ ಬ್ಯಾಗು ಹಿಡಿದು ಫುಟ್‌ಪಾತಲ್ಲಿ ಅಮ್ಮನ ಪಕ್ಕ ನಿಂತಿರೋದು ಬೇರೆ. ನಮ್ಮ ದೇಹದ ಗಡಿಯಾರ ಇನ್ನೂ ಒಂದೂವರೆ ಗಂಟೆ ಹಿಂದೆ ಇದ್ರೂ ಕಣ್ಣು ಎಳೀತಾ ಇತ್ತು. "ಸರಿ" ಅಂದುಬಿಟ್ಟೆ. ಆ್ಯಪಿನವರಿಗೆ ಒಂದು ಸಾಲು ತಿಳಿಸಲಿಲ್ಲ. ಈ ಇಡೀ ಕತೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಎರಡನೇ ಹೋಟೆಲಿನಲ್ಲಿ ಲಿಫ್ಟ್ ಇತ್ತು, ಅದರ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದರು. ರಿಪೇರಿಯಂತೆ. ರೂಮು ಐದನೇ ಮಹಡಿ. ಪಾಸ್‌ಪೋರ್ಟ್ ಎರಡನ್ನೂ ಪೊಲೀಸ್ ನೋಂದಣಿಗೆ ಬೇಕು ಅಂತ ತೆಗೆದು ಡ್ರಾಯರಿಗೆ ಹಾಕಿಕೊಂಡರು. ಅಮ್ಮ ಕಂಬಿ ಹಿಡಿದು ಹತ್ತಿದಳು. ಮೇಲೆ ಹೋದಮೇಲೆ "ಎಪ್ಪತ್ತೆಂಟು" ಅಂದಳು. ಎಣಿಸಿದ್ದಳು.

ರೂಮಲ್ಲಿ ಒಂದು ಗೋಡೆಗೆ ದಪ್ಪನೆಯ ಪರದೆ ಇಳಿಬಿಟ್ಟಿದ್ದರು. ಅಮ್ಮ ಎಲ್ಲಿಗೆ ಹೋದ್ರೂ ಮೊದಲು ಕಿಟಕಿ ತೆಗೆಯೋದು. ಹೋಗಿ ಪರದೆ ಸರಿಸಿದಳು. ಹಿಂದೆ ಗೋಡೆ. ಸುಣ್ಣ ಬಳಿದ ಬರಿಗೋಡೆ. ಅಮ್ಮ ಒಂದು ನಿಮಿಷ ಅದನ್ನೇ ನೋಡಿ, ಪರದೆಯನ್ನ ಮತ್ತೆ ಮೊದಲಿನ ಹಾಗೇ ಎಳೆದಿಟ್ಟಳು.

ಇದಕ್ಕೆ ಊರಿನ ರಚನೆಯೂ ಒಂದು ಕಾರಣ ಅಂತ ಆಮೇಲೆ ಗೊತ್ತಾಯ್ತು. ಹನೋಯ್‌ನ ಹಳೇ ಪೇಟೆಯ ಮನೆಗಳಿಗೆ ಕೊಳವೆ ಮನೆ ಅಂತಾರೆ. ರಸ್ತೆ ಕಡೆ ಮೂರು ಮೀಟರ್ ಅಗಲ ಇದ್ರೆ ಹಿಂದಕ್ಕೆ ರೈಲು ಬೋಗಿ ಥರ ಉದ್ದಕ್ಕೆ ಹೋಗ್ತಾನೇ ಇರುತ್ತೆ. ಮುಂಭಾಗದ ಅಗಲ ನೋಡಿ ತೆರಿಗೆ ಹಾಕ್ತಿದ್ರು, ಅದಕ್ಕೇ ಹೀಗೆ ಕಟ್ಟಿದ್ರು ಅಂತ ಹೇಳ್ತಾರೆ. ಎರಡೂ ಪಕ್ಕ ಇನ್ನೊಬ್ಬರ ಗೋಡೆ. ಅಂಥ ಮನೆಯನ್ನ ಎತ್ತರಿಸಿ ಹೋಟೆಲ್ ಮಾಡಿದ್ರೆ ಎದುರಿಗೊಂದು ರೂಮು, ಹಿಂದೊಂದು ರೂಮಿಗೆ ಕಿಟಕಿ ಸಿಗುತ್ತೆ, ನಡುವಿನವಕ್ಕೆ ಇಲ್ಲ. ಬುಕಿಂಗ್ ಪುಟದಲ್ಲಿ ರೂಮಿನ ಹೆಸರಿನ ಕೊನೆಗೆ "ಕಿಟಕಿ ಇಲ್ಲ" ಅಂತ ಇರುವೆ ಅಕ್ಷರದಲ್ಲಿ ಹಾಕಿರ್ತಾರೆ. ಅಗ್ಗ ಅಂತ ಒತ್ತೋ ಮುಂಚೆ ಆ ಇರುವೆ ಸಾಲನ್ನ ಓದಿ.

"ಎರಡು ದಿನ ಅಡ್ಜಸ್ಟ್ ಮಾಡ್ಕೋ ಅಮ್ಮ, ರೂಮಲ್ಲೇನು ಕೂತಿರ್ತೀವಾ" ಅಂದೆ. "ಏನೂ ತೊಂದ್ರೆ ಇಲ್ಲ ಪುಟ್ಟಿ, ಮಲಗೋಕೆ ತಾನೆ" ಅಂದಳು. ನಾನು ತಲೆದಿಂಬಿಗೆ ತಲೆ ಕೊಟ್ಟಿದ್ದಷ್ಟೇ ಗೊತ್ತು.

ಗುರುವಾರ ಬೆಳಿಗ್ಗೆ ಊರು ನೋಡಲು ಹೊರಟೆವು. ಬೀದಿಗಿಳಿದ ತಕ್ಷಣ ಬೈಕುಗಳ ಹೊಳೆ. ರಸ್ತೆ ದಾಟೋಕೆ ಅಲ್ಲಿ ಒಂದೇ ಉಪಾಯ: ನಿಲ್ಲಬಾರದು, ಓಡಬಾರದು, ಒಂದೇ ಸಮ ನಡೀತಾ ಹೋಗಬೇಕು, ಬೈಕಿನವರೇ ನಿಮ್ಮನ್ನ ಬಳಸಿಕೊಂಡು ಹೋಗ್ತಾರೆ. ನಾನು ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ವರ್ಷಗಟ್ಟಲೆ ಪಳಗಿದವಳು, ನನ್ನ ಕಾಲೇ ನಡುಗ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗದ್ದೆ ಅಂಚಿನ ಮೇಲೆ ನಡೆದ ಹಾಗೆ ದಾಟಿಬಿಟ್ಟಳು.

ವಾನ್ ಮಿಯೆವ್‌ಗೆ ಹೋದೆವು. ಇಂಗ್ಲಿಷಿನಲ್ಲಿ ಟೆಂಪಲ್ ಆಫ್ ಲಿಟರೇಚರ್ ಅಂತಾರೆ. 1070ರಲ್ಲಿ ಕನ್‌ಫ್ಯೂಷಿಯಸ್‌ಗೆ ಕಟ್ಟಿದ ಗುಡಿ, ಆರು ವರ್ಷಕ್ಕೆ ಅದೇ ಜಾಗದಲ್ಲಿ ರಾಜಮನೆತನದ ವಿದ್ಯಾಲಯ. ಒಂದರ ಹಿಂದೆ ಒಂದರಂತೆ ಐದು ಅಂಗಳ. ಮೂರನೇ ಅಂಗಳದಲ್ಲಿ ಕಲ್ಲಿನ ಆಮೆಗಳು ಸಾಲಾಗಿ ಕೂತಿವೆ, ಒಂದೊಂದರ ಬೆನ್ನ ಮೇಲೂ ಒಂದೊಂದು ಶಾಸನ. ಒಟ್ಟು 82. 1442ರಿಂದ 1779ರವರೆಗೆ ನಡೆದ ಪರೀಕ್ಷೆಗಳಲ್ಲಿ ಪಾಸಾದವರ ಹೆಸರು, ಊರು ಅದರಲ್ಲಿ ಕೆತ್ತಿದ್ದಾರೆ. ಪರೀಕ್ಷೆಗೆ ಮುಂಚೆ ಹುಡುಗರು ಬಂದು ಆಮೆ ತಲೆ ಸವರಿ ಸವರಿ ಕಲ್ಲು ಸವೆದುಹೋಗಿ ಈಗ ಬೇಲಿ ಹಾಕಿದ್ದಾರೆ. ಟೀಚರಮ್ಮನಿಗೆ ಇದಕ್ಕಿಂತ ಇನ್ನೇನು ಬೇಕು. "ನಮ್ಮ ಸ್ಕೂಲಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಬಂದವರ ಹೆಸರು ಬೋರ್ಡಿಗೆ ಬರೆಸ್ತಿದ್ವಲ್ಲ, ಅದೇ ಇದು. ನಮ್ಮದು ಪೇಂಟು, ಇವರದ್ದು ಕಲ್ಲು" ಅಂದಳು. ಪರ್ಸಿಂದ ಒಂದು ಲಕ್ಷ ಡಾಂಗಿನ ಹಸಿರು ನೋಟು ತೆಗೆದು, ಅದರ ಹಿಂದಿರೋ ಚಿತ್ರ ಇದೇ ಮಂಟಪದ್ದು ಅಂತ ನನಗೆ ತೋರಿಸಿದ್ದೂ ಅವಳೇ. (ನೋಟಿನ ವಿಷಯ ಬಂತಲ್ಲ: ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ ಸೊನ್ನೆ ಎಣಿಸಿ.)

ಆದರೆ ಮಧ್ಯಾಹ್ನದ ಹೊತ್ತಿಗೆ ಅಮ್ಮ ಸುಸ್ತಾದಳು. ಹೊವಾನ್ ಕಿಯೆಂ ಸರೋವರದ ದಡದಲ್ಲಿ ಕೆಂಪು ಸೇತುವೆ ದಾಟಿ ನೊಕ್ ಸನ್ ಗುಡಿಗೆ ಹೋದೆವು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಎರಡು ಭಾರೀ ಆಮೆಗಳನ್ನ ಕೆಡದ ಹಾಗೆ ಇಟ್ಟಿದ್ದಾರೆ. ಒಂದು 2016ರ ಜನವರಿಯಲ್ಲಿ ಇದೇ ಸರೋವರದಲ್ಲಿ ಸತ್ತದ್ದು. ಶತ್ರುವನ್ನ ಓಡಿಸಿದ ಮೇಲೆ ಲೆ ಲೋಯ್ ಅನ್ನೋ ರಾಜನಿಂದ ಖಡ್ಗ ವಾಪಸ್ ಇಸ್ಕೊಂಡ ಆಮೆಯ ಕತೆ ಆ ಊರಿನ ಮಕ್ಕಳಿಗೆಲ್ಲ ಗೊತ್ತು, ಸರೋವರದ ಹೆಸರಿನ ಅರ್ಥವೇ ಖಡ್ಗ ಹಿಂದಿರುಗಿಸಿದ್ದು ಅಂತ. ನಾನು ಉತ್ಸಾಹದಲ್ಲಿ ಇದನ್ನೆಲ್ಲ ಹೇಳ್ತಾ ಇದ್ರೆ ಅಮ್ಮ ಕಲ್ಲುಬೆಂಚಿನ ಮೇಲೆ ಕೂತು ತೂಕಡಿಸ್ತಾ ಇದ್ದಳು. ನನಗೆ ರೇಗಿತು. "ಇಷ್ಟು ದುಡ್ಡು ಹಾಕಿ ಇಲ್ಲೀವರೆಗೆ ಕರ್ಕೊಂಡು ಬಂದಿದ್ದು ಬೆಂಚಲ್ಲಿ ನಿದ್ದೆ ಮಾಡೋಕಾ?" ಅಂದುಬಿಟ್ಟೆ. ಅಮ್ಮ ಕಣ್ಣೊರೆಸಿಕೊಂಡು ಎದ್ದು "ಬಾ, ಮುಂದೆ ಯಾವುದು?" ಅಂದಳು. ಆ ದಿನ ಸಂಜೆ ನೀರಿನ ಗೊಂಬೆಯಾಟವನ್ನೂ ನೋಡಿದೆವು. ಗೊಂಬೆಗಳು ನಿಜಕ್ಕೂ ಸೊಂಟದಷ್ಟು ನೀರಲ್ಲೇ ಕುಣಿಯುತ್ತವೆ, ಆಡಿಸುವವರು ಪರದೆಯ ಹಿಂದೆ ನೀರಲ್ಲೇ ನಿಂತಿರ್ತಾರೆ. ನನ್ನ ಪಕ್ಕದ ಸೀಟು ಅರ್ಧ ಗಂಟೆ ನಿದ್ದೆ ಮಾಡಿತು.

ಅವತ್ತು ರಾತ್ರಿ ಮೂರು ಗಂಟೆಗೆ ಬಾಯಾರಿ ಎಚ್ಚರ ಆಯ್ತು. ಪಕ್ಕದಲ್ಲಿ ಅಮ್ಮ ಇರಲಿಲ್ಲ. ಬಾತ್‌ರೂಮಲ್ಲೂ ಇಲ್ಲ. ಅವಳ ಫೋನು ಚಾರ್ಜಿಗೆ ಹಾಕಿದ್ದು ಹಾಗೇ ಇದೆ. ಆ ಎಪ್ಪತ್ತೆಂಟು ಮೆಟ್ಟಿಲು ನಾನು ಹೇಗೆ ಇಳಿದೆನೋ ಗೊತ್ತಿಲ್ಲ.

ಕೆಳಗೆ ರಿಸೆಪ್ಷನ್ನಲ್ಲಿ ಅರ್ಧ ಎತ್ತಿದ ರೋಲಿಂಗ್ ಶಟರಿನ ಮುಂದೆ, ಅಲ್ಲಿನ ಜನ ಬೀದಿ ಬದಿ ಕೂತು ಊಟ ಮಾಡೋ ಸಣ್ಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು. ಶಾಲು ಹೊದ್ದಿದ್ದಳು. ಎದುರಿಗೆ ಇನ್ನೊಂದು ಸ್ಟೂಲಲ್ಲಿ ನೈಟ್ ಡ್ಯೂಟಿ ಹುಡುಗ, ಇಪ್ಪತ್ತು ಇಪ್ಪತ್ತೊಂದು ಇರಬಹುದು. ನಡುವೆ ನಾವು ಊರಿಂದ ತಂದ ಕೋಡುಬಳೆ ಡಬ್ಬಿ. ಇಬ್ಬರ ಮಧ್ಯೆ ಅವನ ಫೋನು, ಅನುವಾದದ ಆ್ಯಪ್ ತೆರೆದುಕೊಂಡು. ಅಮ್ಮ ನಿಧಾನಕ್ಕೆ, ಡಿಕ್ಟೇಷನ್ ಕೊಡೋ ಧ್ವನಿಯಲ್ಲಿ, ಅದಕ್ಕೆ ಕನ್ನಡ ಹೇಳ್ತಾ ಇದ್ದಳು.

"ಎಷ್ಟೊತ್ತಿಂದ ಇಲ್ಲಿದ್ದೀಯ?"

"ಈಗಷ್ಟೇ ಬಂದೆ."

ಹುಡುಗ ಫೋನಿಗೆ ಏನೋ ಹೇಳಿ ನನ್ನ ಕಡೆ ತಿರುಗಿಸಿದ. ಪರದೆಯ ಮೇಲೆ ಕನ್ನಡ ಅಕ್ಷರದಲ್ಲಿ: ನಿನ್ನ ತಾಯಿ ನಿನ್ನೆ ಕೂಡ ಬೆಳಗಿನವರೆಗೆ ಇಲ್ಲಿದ್ದರು.

ಎರಡೂ ರಾತ್ರಿ ಅಮ್ಮ ಮಲಗಿರಲಿಲ್ಲ. ಕಿಟಕಿ ಇಲ್ಲದ ರೂಮಲ್ಲಿ ಒಂದು ಗಂಟೆ ಕಳೆದ ಮೇಲೆ ಎದೆ ಮೇಲೆ ಏನೋ ಹೇರಿದ ಹಾಗಾಗುತ್ತಂತೆ. ಆ ಮಂಡಿಯಲ್ಲಿ ಮೆಟ್ಟಿಲು ಇಳಿದು ಬಂದು, ನಾನು ಏಳೋ ಮುಂಚೆ ಹತ್ತಿಕೊಂಡು ಹೋಗಿ ಹಾಸಿಗೆಯಲ್ಲಿ ಮಲಗಿದ ಹಾಗೆ ಇರ್ತಿದ್ದಳು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ "ನೀನು ದುಡ್ಡು ಕಟ್ಟಿ ಆಗಿದೆಯೇನೋ ಅಂದ್ಕೊಂಡೆ ಕಣೇ, ಸುಮ್ನೆ ನಿಂಗೆ ಬೇಜಾರು" ಅಂದಳು. ಬೆಂಚಿನ ಹತ್ತಿರ ನಾನು ಆಡಿದ ಮಾತನ್ನ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈಗಲೂ ಎತ್ತಿಲ್ಲ.

ನಾನು ಮೂರನೇ ಸ್ಟೂಲು ಎಳ್ಕೊಂಡು ಕೂತೆ. ಹುಡುಗ ಹಗಲು ಕಾಲೇಜಿಗೆ ಹೋಗ್ತಾನಂತೆ, ಊರು ಗುಡ್ಡದ ಕಡೆ, ಮನೇಲಿ ಚಹಾ ಬೆಳೀತಾರಂತೆ. ಅಮ್ಮನಿಗೆ ಅವನ ಮನೆ ವಿಚಾರ ಅಷ್ಟೊತ್ತಿಗಾಗಲೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನೇ ಇನ್ನೊಂದು ವಿಷಯವನ್ನೂ ಫೋನಲ್ಲಿ ತೋರಿಸಿದ: ಮೊದಲ ಹೋಟೆಲಲ್ಲಿ ನೀರು ಸೋರ್ತಾ ಇರಲಿಲ್ಲ, ನಿಮ್ಮ ರೂಮನ್ನ ಹೆಚ್ಚು ದುಡ್ಡು ಕೊಟ್ಟವರಿಗೆ ಕೊಟ್ಟಿದ್ದಾರೆ. ತೋರಿಸಿ ತಕ್ಷಣ ಅಳಿಸಿದ.

ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ಬಂದ. ನಾವು ಹೊರಡ್ತೀವಿ, ಎರಡು ರಾತ್ರಿಯದ್ದು ತಗೊಂಡು ಪಾಸ್‌ಪೋರ್ಟ್ ಕೊಡಿ ಅಂದೆ. ಅವನು ಕ್ಯಾಲ್ಕ್ಯುಲೇಟರಲ್ಲಿ 36,00,000 ಅಂತ ಒತ್ತಿ ತೋರಿಸಿದ. ನಾಲ್ಕೂ ರಾತ್ರಿಯದ್ದು, ನಮ್ಮ ಲೆಕ್ಕದಲ್ಲಿ ಹನ್ನೆರಡು ಸಾವಿರ ರೂಪಾಯಿ. ಕೊಟ್ಟರೆ ಪಾಸ್‌ಪೋರ್ಟ್, ಇಲ್ಲದಿದ್ದರೆ ಇಲ್ಲ. ಅಮ್ಮ ಸೊನ್ನೆ ನೋಡಿ ನನ್ನ ಕೈ ಹಿಡ್ಕೊಂಡಳು. ನಾನು ಧ್ವನಿ ಏರಿಸಿದೆ, ಅವನೂ ಏರಿಸಿದ. ಅಮ್ಮ "ಕೂಗಾಡಬೇಡ, ಬರೆದು ಕೇಳು" ಅಂದಳು. ಜೀವಮಾನ ಪೂರ್ತಿ ಹೆಡ್‌ಮಾಸ್ಟರಿಗೂ ಬಿಇಒ ಆಫೀಸಿಗೂ ಅರ್ಜಿ ಬರೆದ ಅನುಭವ ಮಾತಾಡಿತು.

ಆ್ಯಪಿನ ಗ್ರಾಹಕ ಸೇವೆಗೆ ಚಾಟಲ್ಲಿ ಬರೆದೆ. ಅವರ ಮೊದಲ ಪ್ರಶ್ನೆಯೇ ಕುತ್ತಿಗೆ ಹಿಡೀತು: ರೂಮು ಸರಿ ಇಲ್ಲದಿದ್ದರೆ ಚೆಕ್-ಇನ್ ಯಾಕೆ ಮಾಡಿದಿರಿ? ಬೇರೆ ಹೋಟೆಲಿಗೆ ಹೋದದ್ದನ್ನ ಆಗಲೇ ಯಾಕೆ ತಿಳಿಸಲಿಲ್ಲ? ಉತ್ತರ ಇರಲಿಲ್ಲ. ಇದ್ದದ್ದು ಆ ಹಳೇ ಮೆಸೇಜು: ಲಿಫ್ಟ್ ಇದೆ, ಎರಡನೇ ಮಹಡಿ, ಕಿಟಕಿ. ಅದನ್ನ ತೋರಿಸಿ, ಪರದೆ ಹಿಂದಿನ ಗೋಡೆಯ ಫೋಟೊ, ಲಿಫ್ಟಿಗೆ ಅಡ್ಡ ಇಟ್ಟ ಕುರ್ಚಿಯ ಫೋಟೊ, ಹೊರಗಿನ ಬೋರ್ಡಿನ ಫೋಟೊ ಕಳಿಸಿದೆ. ಬುಕಿಂಗಲ್ಲಿರೋ ಹೆಸರೇ ಬೇರೆ, ಬೋರ್ಡಿನ ಹೆಸರೇ ಬೇರೆ. ಮ್ಯಾನೇಜರಿಗೂ ಅದೇ ಕೇಳಿದೆ. "ಇದು ಬೇರೆ ಹೋಟೆಲ್, ಇಲ್ಲಿ ಕಿಟಕಿ ಇದೆ ಅಂತ ನಾವು ಯಾವತ್ತೂ ಹೇಳಿಲ್ಲ" ಅಂದ. ಹಾಗಾದ್ರೆ ನಾಲ್ಕು ರಾತ್ರಿಯ ಬುಕಿಂಗೂ ನಿಮ್ಮದಲ್ಲ ಅಲ್ವಾ ಅಂದೆ. ಅವನು ಕ್ಯಾಲ್ಕ್ಯುಲೇಟರ್ ಬದಿಗಿಟ್ಟ.

ಪಾಸ್‌ಪೋರ್ಟ್ ವಿಚಾರ ಇಲ್ಲೇ ಹೇಳಿಬಿಡ್ತೀನಿ. ವಿದೇಶಿ ಅತಿಥಿಗಳ ವಿವರವನ್ನ ಹೋಟೆಲಿನವರು ಪೊಲೀಸರಿಗೆ ಕೊಡಬೇಕು ಅನ್ನೋ ನಿಯಮ ವಿಯೆಟ್ನಾಮಲ್ಲಿ ಇದೆ. ಅದಕ್ಕೆ ಪಾಸ್‌ಪೋರ್ಟ್, ವೀಸಾದ ಪ್ರತಿ ಸಾಕು. ನೋಡಿ, ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡಿ ಅಂತ ಕೌಂಟರಿನ ಮುಂದೆಯೇ ನಿಲ್ಲಬಹುದು. ಎಷ್ಟೋ ಹೋಟೆಲಿನವರು ಕೇಳಿದ ತಕ್ಷಣ ಕೊಡ್ತಾರೆ. ಒಮ್ಮೆ ಡ್ರಾಯರ್ ಸೇರಿದರೆ ಅದು ಅಡವು ಇಟ್ಟ ಹಾಗೆ. ಅವತ್ತು ನಾನು ಫೋನಲ್ಲಿ ಎರಡು ನಂಬರ್ ಟೈಪ್ ಮಾಡಿ ಇಟ್ಕೊಂಡಿದ್ದೆ, ಅಲ್ಲಿನ ಪೊಲೀಸ್ 113 ಒಂದು, ಹನೋಯ್‌ನಲ್ಲೇ ಇರೋ ನಮ್ಮ ರಾಯಭಾರ ಕಚೇರಿಯದ್ದು ಇನ್ನೊಂದು. ಒತ್ತಬೇಕಾಗಿ ಬರಲಿಲ್ಲ. ಮ್ಯಾನೇಜರಿಗೆ ಕಾಣೋ ಹಾಗೆ ಹಿಡಿದಿದ್ದೆ, ಅಷ್ಟೆ.

ಒಂದೂಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಅಮ್ಮ ರಿಸೆಪ್ಷನ್ನಿನ ಸೋಫಾದಲ್ಲಿ ಬ್ಯಾಗನ್ನ ತೊಡೆ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಹೊಸದಾಗಿ ರೂಮು ಕೇಳಿಕೊಂಡು ಬಂದ ಇಬ್ಬರು ಹುಡುಗಿಯರಿಗೆ, ಯಾವ ದೇಶದವರೋ ಪಾಪ, ಅಮ್ಮ ಮೇಲೆ ಬೆರಳು ತೋರಿಸಿ "ನೋ ವಿಂಡೋ" ಅಂದಳು. ಅವರು ಬಾಗಿಲಿಂದಲೇ ವಾಪಸ್ ಹೋದರು. ಕೊನೆಗೆ ಆ್ಯಪಿನವರು ಹೋಟೆಲಿಗೆ ಫೋನ್ ಮಾಡಿ, ಎರಡು ರಾತ್ರಿಯದ್ದು ಮಾತ್ರ ಕಟ್ಟಿ, ಉಳಿದದ್ದು ದಂಡವಿಲ್ಲದೆ ರದ್ದು ಅಂದರು. ಅವರ ಫೋನೋ, ಅಮ್ಮನ ಪ್ರಚಾರವೋ, ಯಾವುದು ಕೆಲಸ ಮಾಡಿತು ಅಂತ ನಾನು ಹೇಳಲಾರೆ.

ಪಾಸ್‌ಪೋರ್ಟ್ ಕೈಗೆ ಕೊಡುವಾಗ ಕ್ಲೀನಿಂಗ್ ಚಾರ್ಜು ಅಂತ ಇನ್ನೂ ಎರಡು ಲಕ್ಷ ಡಾಂಗ್ ಕೇಳಿದ. ನನಗೆ ಸಾಕಾಗಿತ್ತು, ಕೊಟ್ಟೆ. ಸುಮಾರು ಆರುನೂರ ಐವತ್ತು ರೂಪಾಯಿ. "ಅದನ್ನ ಯಾಕೆ ಕೊಟ್ಟೆ? ನಾವೇನು ಗಲೀಜು ಮಾಡಿದ್ವಿ?" ಅಂತ ಅಮ್ಮ ಬೀದಿ ತಿರುವಿನ ತನಕ ಕೇಳಿದಳು. ಬೆಡ್‌ಶೀಟ್ ಮಡಿಸಿಟ್ಟು ಬಂದವಳು ಅವಳು.

ಹೊಸ ಜಾಗ ಹುಡುಕುವಾಗ ಆ್ಯಪನ್ನೇ ತೆಗೆಯಲಿಲ್ಲ. ಬೀದಿ ಬೀದಿ ನಡೆದೆವು. ಹಳೇ ಪೇಟೆಯ ಬಹಳಷ್ಟು ಬೀದಿಗಳ ಹೆಸರು ಹಾಂಗ್ ಅಂತ ಶುರುವಾಗುತ್ತೆ, ಹಾಂಗ್ ಅಂದ್ರೆ ಸರಕು. ಹಾಂಗ್ ಬಾಕ್ ಬೆಳ್ಳಿ ಬೀದಿ, ಹಾಂಗ್ ಕ್ವಾತ್ ಬೀಸಣಿಗೆ ಬೀದಿ, ಹಾಂಗ್ ಮಾದಲ್ಲಿ ಹಿರಿಯರಿಗೆ ಸುಟ್ಟು ಅರ್ಪಿಸೋ ಕಾಗದದ ಸಾಮಾನು. ನಮ್ಮ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆಗಳ ಥರವೇ. ನಾಲ್ಕನೇ ಗೆಸ್ಟ್‌ಹೌಸಲ್ಲಿ ಅಮ್ಮ ತಾನೇ ಮುಂದೆ ಹೋಗಿ ಪರದೆ ಸರಿಸಿ ನೋಡಿದಳು. ಕಿಟಕಿ ಇತ್ತು. ಕೆಳಗೆ ಒಬ್ಬ ಹೆಂಗಸು ಸೈಕಲ್ ಮೇಲೆ ಹೂವು ಮಾರ್ತಾ ಇದ್ದಳು. ಅಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಮಲಗಿ ಸಂಜೆ ಆರಕ್ಕೆ ಎದ್ದಳು. ಶುಕ್ರವಾರದ ಪ್ಲಾನ್ ಪೂರ್ತಿ ಹಾಳು. ನಾನು ಕಿಟಕಿ ಪಕ್ಕ ಕೂತು ಏನೂ ನೋಡದೆ ಆ ಮಧ್ಯಾಹ್ನ ಕಳೆದೆ.

ಅದಾದ ಮೇಲೆ ಊರು ಚೆನ್ನಾಗಿ ಕಂಡಿತು. ಶನಿವಾರ ಹೋ ಚಿ ಮಿನ್ ಸಮಾಧಿಯ ಕ್ಯೂನಲ್ಲಿ ನಿಂತೆವು. ಸೋಮವಾರ, ಶುಕ್ರವಾರ ಮುಚ್ಚಿರುತ್ತೆ, ಉಳಿದ ದಿನ ಬೆಳಿಗ್ಗೆ ಮಾತ್ರ, ಒಳಗೆ ಮಾತಾಡೋ ಹಾಗಿಲ್ಲ, ಫೋಟೊ ಇಲ್ಲ. ಊಟಕ್ಕೆ "ಚಾಯ್" ಅನ್ನೋ ಬೋರ್ಡು ಹುಡುಕಬೇಕು ಅಂದಾಗ ಅಮ್ಮ "ಊಟದ ಹೊತ್ತಲ್ಲಿ ಟೀ ಯಾಕೆ?" ಅಂದಳು. ಅಲ್ಲಿ ಚಾಯ್ ಅಂದ್ರೆ ಸಸ್ಯಾಹಾರ. ಬರೀ ತರಕಾರಿ ಅಂತ ಹೇಳಿದ್ರೆ ಮೀನಿನ ಸಾಸು ಬಿದ್ದಿರುತ್ತೆ, ಚಾಯ್ ಅಂದ್ರೆ ಬೀಳಲ್ಲ. ಚಾಂದ್ರಮಾನದ ತಿಂಗಳ ಒಂದನೇ ದಿನ, ಹದಿನೈದನೇ ದಿನ ಅಲ್ಲಿನ ಬೌದ್ಧರು ಬಹಳಷ್ಟು ಜನ ಚಾಯ್ ಊಟ ಮಾಡ್ತಾರೆ. "ಅಮಾವಾಸ್ಯೆ ಹುಣ್ಣಿಮೆ" ಅಂತ ಅಮ್ಮ ತಲೆದೂಗಿದಳು, ತೋಫು ಇನ್ನೊಂದು ಸಲ ಹಾಕಿಸಿಕೊಂಡಳು.

ಕಾಫಿ ವಿಷಯದಲ್ಲಿ ಮಾತ್ರ ಅವಳು ರಾಜಿ ಆಗಲಿಲ್ಲ. ಮೊಟ್ಟೆ ಕಾಫಿ ಅಲ್ಲಿನ ವಿಶೇಷ, 1946ರಲ್ಲಿ ಹಾಲಿಗೆ ಬರ ಬಂದಾಗ ಹೋಟೆಲ್ ಕೆಲಸಗಾರನೊಬ್ಬ ಹಳದಿ ಲೋಳೆ ಕಡೆದು ಹಾಕಿ ಶುರು ಮಾಡಿದ್ದು. ಅಮ್ಮ ಅದರ ಕಡೆ ನೋಡಲೂ ಇಲ್ಲ. ಫಿನ್ ಅನ್ನೋ ಪುಟ್ಟ ತಗಡಿನ ಫಿಲ್ಟರನ್ನ ಲೋಟದ ಮೇಲೇ ಇಟ್ಟು ಕೊಡ್ತಾರಲ್ಲ, ಆ ಕಪ್ಪು ಕಾಫಿ ತರಿಸಿದಳು. ಹನಿ ಹನಿಯಾಗಿ ಇಳಿಯೋದನ್ನ ಕಾದು ಒಂದು ಗುಟುಕು ಕುಡಿದು, "ಪೂರ್ತಿ ರೊಬಸ್ಟಾ ಕಣೇ ಇದು" ಅಂದಳು. ಸರಿಯಾಗೇ ಹೇಳಿದ್ದಳು. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಮ್, ಅದರಲ್ಲಿ ಬಹುಪಾಲು ರೊಬಸ್ಟಾನೇ. ಹೊರಡುವಾಗ ಎರಡು ಫಿನ್ ಕೊಂಡಳು.

ಶನಿವಾರ ರಾತ್ರಿ ಹತ್ತೂವರೆಗೆ ಅಮ್ಮ ಉಳಿದ ಕೋಡುಬಳೆಯನ್ನೂ ಒಂದು ಪೊಟ್ಟಣ ಚಟ್ನಿಪುಡಿಯನ್ನೂ ಚೀಲಕ್ಕೆ ಹಾಕಿ "ಆ ಹುಡುಗನ ಡ್ಯೂಟಿ ಶುರುವಾಗಿರುತ್ತೆ" ಅಂದಳು. ಆ ಹೋಟೆಲ್ ಬಾಗಿಲಿಗೆ ಮತ್ತೆ ಹೋಗೋಕೆ ನನಗೆ ಇಷ್ಟ ಇರಲಿಲ್ಲ. ದೂರದಲ್ಲೇ ನಿಂತೆ. ಹುಡುಗ ಹೊರಗೆ ಬಂದು ಎರಡೂ ಕೈಯಲ್ಲಿ ಚೀಲ ತಗೊಂಡು ಬಗ್ಗಿ ನಿಂತ. ಅಮ್ಮ ಅವನ ಫೋನಿಗೆ ಏನೋ ಹೇಳಿದಳು, ಅವನು ಓದಿ ನಕ್ಕ. ಚಟ್ನಿಪುಡಿ ಅನ್ನಕ್ಕೆ ಕಲಸಿಕೊಳ್ಳಬೇಕು, ಕಾಫಿಗೆ ಅಲ್ಲ ಅಂತ ಹೇಳಿದಳಂತೆ.

ವಾಪಸ್ ಬಂದು ಆ್ಯಪಲ್ಲಿ ರಿವ್ಯೂ ಬರೆಯೋಕೆ ಕೂತೆ. ಒಂದು ಸ್ಟಾರು. ಗೋಡೆ, ಲಿಫ್ಟು, ಪಾಸ್‌ಪೋರ್ಟು, ಎಲ್ಲ ಬರೆದೆ. ನೀರು ಸೋರಿದ್ದು ಸುಳ್ಳು ಅಂತ ಅಲ್ಲಿಯವರೇ ಹೇಳಿದ್ರು ಅಂತಲೂ ಬರೆದಿದ್ದೆ. ಅಮ್ಮ ಹೆಗಲ ಮೇಲಿಂದ ಓದಿ ಆ ಸಾಲಿನ ಮೇಲೆ ಬೆರಳಿಟ್ಟಳು. "ರಾತ್ರಿ ಅಲ್ಲಿ ಯಾರಿರ್ತಾರೆ ಅಂತ ಆ ಮ್ಯಾನೇಜರಿಗೆ ಗೊತ್ತಾಗಲ್ವಾ?" ಆ ಸಾಲು ತೆಗೆದು ಕಳಿಸಿದೆ.